ಕೈ ಬರಿದು ಮಾಡಿಕೊಂಡ ಸಿರಿವಂತ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ನಮ್ಮಲ್ಲಿ ಹಳೆಯದು. ಸುಂಕದ ಕಟ್ಟೆಯಲ್ಲಿ ಕುಳಿತವನಿಗೆ ಕೈ ಉಂಟು, ಕಿವಿಯಿಲ್ಲ ಎಂಬುದು ಅದರ ಇಂಗಿತ. ಇಂದು ನಾನು ಹೇಳಹೊರಟಿರುವುದು ಒಬ್ಬ ವರ್ತಕನ ವಿಚಾರ. ಈತ ಅಂಥ ಸುಂಕದ ಕಟ್ಟೆಯ ಮಗ್ಗುಲಲ್ಲೇ ಅಂಗಡಿ ಹೂಡಿದ. ಸುಂಕವಿಲ್ಲದ ಸರಕು ಮಾರಿ ನೂರಾರು ಕೋಟಿ ಡಾಲರ್ ಗಳಿಸಿದ. ಕೊನೆಗೆ ಗಳಿಸಿದ್ದನ್ನೆಲ್ಲ ಪರರಿಗೆ ಕೊಟ್ಟು ಬಾಡಿಗೆ ಮನೆಯಲ್ಲಿ ನೆಮ್ಮದಿಯಾಗಿ ಬಾಳಿದ.

ಆತನ ಹೆಸರು ಚಾರ್ಲ್ಸ್ ಫ್ರಾನ್ಸಿಸ್ ಫೀನಿ. ಬಲ್ಲವರು ಚಕ್ ಫೀನಿ ಎನ್ನುತ್ತಿದ್ದರು. 1931ನೆಯ ಇಸವಿ ಏಪ್ರಿಲ್ 23ರಂದು ಅಮೆರಿಕದ ನ್ಯೂಜರ್ಸಿ ಸಂಸ್ಥಾನದ ಎಲಿಜಬೆತ್ ಎಂಬ ಊರಿನಲ್ಲಿ ಹುಟ್ಟಿ, 2023ನೆಯ ಇಸವಿ ಅಕ್ಟೋಬರ್ 9ರಂದು ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ತೀರಿಕೊಂಡ.

ಹಣವಂತರ ಚರಿತ್ರೆ ಹೇಳುವುದು ನನ್ನಂಥ ಕನ್ನಡ ಪಂಡಿತನ ಕಸುಬಲ್ಲ. ಆದರೂ ಈ ಗೋಜಿಗೆ ಬಿದ್ದದ್ದಕ್ಕೆ ಕಾರಣವುಂಟು. ತರಗತಿಯಲ್ಲಿ "ದೊಡ್ಡವನಾದ ಮೇಲೆ ಏನು ಮಾಡುತ್ತೀಯಪ್ಪ?" ಎಂದು ಕೇಳಿದರೆ ಈಗಿನ ಹುಡುಗರಲ್ಲಿ ಅನೇಕರು "ಬಿಸಿನೆಸ್ ಮಾಡ್ತೀನಿ ಸಾರ್" ಎನ್ನುತ್ತಾರೆ. "ಮಾಡಿ?" ಎಂದರೆ "ದುಡ್ಡು ಮಾಡ್ತೀನಿ." "ಆಮೇಲೆ?" ಎಂದರೆ ತರಗತಿಗೆ ತರಗತಿಯೇ ಮೌನ. ಆ ಮೌನಕ್ಕೆ ನನ್ನಲ್ಲಿಯೂ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ಈ ಮನುಷ್ಯನ ಬಾಳು ಕಣ್ಣಿಗೆ ಬಿತ್ತು. ದುಡ್ಡು ಮಾಡಿದ ಮೇಲೆ ಏನು ಎಂಬ ಪ್ರಶ್ನೆಗೆ, ಇನ್ನೂ ಕೈಕಾಲು ಗಟ್ಟಿಯಿರುವಾಗಲೇ ಉತ್ತರ ಬರೆದು ಮುಗಿಸಿದವರಲ್ಲಿ ಈತನೊಬ್ಬ.

ಫೀನಿ ಹುಟ್ಟಿದ ಕಾಲ ಅಮೆರಿಕದಲ್ಲಿ ಕೆಲಸಕ್ಕೂ ಕಾಸಿಗೂ ಬರಬಿದ್ದ ಕಾಲ. ಐರಿಷ್ ಮೂಲದ ಮನೆತನ. ತಂದೆ ವಿಮಾ ಕಂಪನಿಯ ನೌಕರ, ತಾಯಿ ದಾದಿ. ಆ ತಾಯಿಯ ವಿಚಾರವಾಗಿ ಒಂದು ಸಂಗತಿ ಹೇಳುತ್ತಾರೆ. ನೆರೆಮನೆಯವನೊಬ್ಬನಿಗೆ ನರಗಳು ಕ್ರಮಕ್ರಮವಾಗಿ ಶಕ್ತಿಗುಂದುವ ಕಾಯಿಲೆ. ಬಸ್ಸು ಹಿಡಿಯಲು ಆತ ಕಷ್ಟಪಟ್ಟು ನಡೆದು ಹೋಗುತ್ತಿದ್ದ. ಆತ ಹೊರಟದ್ದು ಕಂಡೊಡನೆ ಈಕೆ ತನಗೂ ಅದೇ ದಾರಿಯಲ್ಲಿ ಏನೋ ಕೆಲಸವಿದೆಯೆಂಬಂತೆ ಕಾರು ತೆಗೆದುಕೊಂಡು ಹೊರಟು, ದಾರಿಯಲ್ಲಿ ಸಿಕ್ಕವನಂತೆ ಅವನನ್ನು ಹತ್ತಿಸಿಕೊಳ್ಳುತ್ತಿದ್ದಳು. ಕೆಲಸವೇನೂ ಇರುತ್ತಿರಲಿಲ್ಲ. ಉಪಕಾರವಾಗಬೇಕು, ಪಡೆದವನಿಗೆ ಉಪಕಾರದ ಭಾರ ತಟ್ಟಬಾರದು. ಮಗನ ಮುಂದಿನ ಬಾಳೆಲ್ಲ ಈ ಒಂದು ಪಾಠದ ವಿಸ್ತಾರವೆಂದರೂ ತಪ್ಪಿಲ್ಲ.

ಹುಡುಗನಿಗೆ ವ್ಯಾಪಾರದ ಬುದ್ಧಿ ಚಿಕ್ಕಂದಿನಿಂದಲೇ. ಕ್ರಿಸ್‌ಮಸ್ ಬಂತೆಂದರೆ ಶುಭಾಶಯದ ಕಾಗದಗಳನ್ನು ಮನೆಮನೆಗೆ ಹೊತ್ತು ಮಾರುವನು. ಶಾಲೆ ಮುಗಿದೊಡನೆ ವಾಯುಸೇನೆಗೆ ಸೇರಿದ. ಅಲ್ಲಿ ಆತನಿಗೆ ದೊರೆತದ್ದು ರೇಡಿಯೊ ಯಂತ್ರದ ಮುಂದೆ ಕೂರುವ ಕೆಲಸ, ನೆಲೆ ಜಪಾನಿನಲ್ಲಿ. ಕಿವಿಗೆ ರೇಡಿಯೊ ಹಚ್ಚಿ ದೂರದ ಸದ್ದನ್ನು ಆಲಿಸುವ ಅಭ್ಯಾಸ ಮುಂದೆ ವ್ಯಾಪಾರದಲ್ಲಿಯೂ ಆತನ ಕೈಬಿಡಲಿಲ್ಲವೆಂದು ನನಗೆ ತೋರುತ್ತದೆ. ಸೇನೆಯಿಂದ ಮರಳಿದವರ ಓದಿಗೆ ಸರ್ಕಾರ ಕೊಡುತ್ತಿದ್ದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ಹೋಟೆಲು ನಡೆಸುವ ವಿದ್ಯೆ ಕಲಿತು 1956ರಲ್ಲಿ ಪದವಿ ಪಡೆದ. ಸರ್ಕಾರದ ಹಣ ಸಾಲದು. ರಾತ್ರಿ ವೇಳೆ ಓದುತ್ತ ಕುಳಿತ ಹುಡುಗರಿಗೆ ಹಸಿವಾಗುತ್ತದೆ, ಹೊರಗೆ ಹೋಗಲು ಚಳಿ. ಫೀನಿ ಬ್ರೆಡ್ಡಿನ ನಡುವೆ ಪಲ್ಯ ಮಾಂಸಗಳನ್ನಿಟ್ಟು ಸ್ಯಾಂಡ್‌ವಿಚ್ ಮಾಡಿ, ಅವರು ಇದ್ದ ಕಡೆಗೇ ಹೊತ್ತು ಮಾರಿದ. ಗಿರಾಕಿ ಅಂಗಡಿಗೆ ಬರಲೆಂದು ಕಾಯಬಾರದು, ಹಸಿವು ಇರುವಲ್ಲಿಗೆ ಅಂಗಡಿಯೇ ಹೋಗಬೇಕು. ಇದು ಆತನ ವ್ಯಾಪಾರದ ಮೊದಲನೆಯ ಸೂತ್ರ.

ಓದು ಮುಗಿಸಿ ಫೀನಿ ಫ್ರಾನ್ಸಿಗೆ ಹೋದ. ಮೆಡಿಟರೇನಿಯನ್ ಸಮುದ್ರದ ಬಂದರುಗಳಲ್ಲಿ ಅಮೆರಿಕದ ಯುದ್ಧನೌಕೆಗಳು ಆಗ ತಂಗುತ್ತಿದ್ದವು. ಊರಿಗೆ ಮರಳುವ ನಾವಿಕರು ಸುಂಕ ಕೊಡದೆ ಇಷ್ಟು ಬಾಟಲಿ ಮದ್ಯ ಒಯ್ಯಬಹುದೆಂಬ ಕಾನೂನಿತ್ತು. ಫೀನಿಯೂ ಕಾರ್ನೆಲ್ಲಿನಲ್ಲಿಯೇ ಓದಿದ್ದ ರಾಬರ್ಟ್ ಮಿಲ್ಲರ್ ಎಂಬಾತನೂ ಕೂಡಿ ಆ ವ್ಯಾಪಾರಕ್ಕಿಳಿದರು. ಬಳಿಕ ಸೈನಿಕರಿಗೆ ಕಾರುಗಳನ್ನು ಮಾರಿದರು. 1960ರ ಸುಮಾರಿಗೆ ಹಾಂಗ್‌ಕಾಂಗ್ ವಿಮಾನನಿಲ್ದಾಣದಲ್ಲಿ, ಅದಾದ ಸ್ವಲ್ಪ ಕಾಲಕ್ಕೆ ಹವಾಯಿ ದ್ವೀಪದ ಹೊನಲುಲುವಿನಲ್ಲಿ ಸುಂಕವಿಲ್ಲದ ಅಂಗಡಿಗಳನ್ನು ತೆರೆದರು. ಇದೇ ಮುಂದೆ ಡ್ಯೂಟಿ ಫ್ರೀ ಷಾಪರ್ಸ್ ಎಂಬ ದೊಡ್ಡ ಕಂಪನಿಯಾಯಿತು.

ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. 1960ರ ದಶಕದ ನಡುವಿನಲ್ಲಿ ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. ಕಂಡಕಂಡ ಕಡೆ ಶಾಖೆ ತೆರೆದಿದ್ದರು, ಲೆಕ್ಕ ಮಾತ್ರ ಇಟ್ಟಿರಲಿಲ್ಲ. ಅಲನ್ ಪಾರ್ಕರ್ ಎಂಬ ಲೆಕ್ಕಿಗ ಬಂದು ಪುಸ್ತಕ ಬಿಡಿಸಿ ನೋಡಿದರೆ ಕೊಡಬೇಕಾದದ್ದು ಹೆಚ್ಚು, ಕೈಯಲ್ಲಿರುವುದು ಕಡಮೆ. ಒಡೆಯರು ಆ ಲೆಕ್ಕಿಗನ ಮೇಲೆ ಮುನಿಯಲಿಲ್ಲ. ಬದಲಾಗಿ ಅವನನ್ನೂ, ಟೋನಿ ಪಿಲಾರೊ ಎಂಬ ವಕೀಲನನ್ನೂ ಪಾಲುದಾರರನ್ನಾಗಿ ಮಾಡಿಕೊಂಡು, ನಷ್ಟದ ವ್ಯವಹಾರಗಳನ್ನು ಬಿಟ್ಟು, ವಿಮಾನನಿಲ್ದಾಣದ ಅಂಗಡಿಗಳನ್ನು ಮಾತ್ರ ಗಟ್ಟಿಯಾಗಿ ಹಿಡಿದರು. ಕೊನೆಗೆ ನಿಂತ ಪಾಲು ಫೀನಿಗೆ ಶೇಕಡ 38.75, ಮಿಲ್ಲರನಿಗೂ ಅಷ್ಟೇ, ಪಾರ್ಕರನಿಗೆ 20, ಪಿಲಾರೊಗೆ 2.5. ಕಹಿ ಲೆಕ್ಕ ಹೇಳಿದವನನ್ನು ಹೊರಗಟ್ಟದೆ ಒಳಗೆ ಕೂರಿಸಿಕೊಂಡದ್ದು ಆ ಕಂಪನಿಯನ್ನು ಉಳಿಸಿತು. ನಮ್ಮ ಮನೆಗಳಲ್ಲಿಯೂ ತಿಂಗಳ ಕೊನೆಗೆ ಲೆಕ್ಕ ಎತ್ತುವ ಗೃಹಿಣಿಯ ಮೇಲೆ ರೇಗುವವರಿದ್ದರೆ ಈ ಮಾತನ್ನು ಸ್ವಲ್ಪ ಮನಸ್ಸಿಗೆ ಹಚ್ಚಿಕೊಳ್ಳಬೇಕು.

ಆಮೇಲೆ ಭಾಗ್ಯದ ಬಾಗಿಲು ತೆರೆದದ್ದು ಜಪಾನಿನ ಕಡೆಯಿಂದ. ಯುದ್ಧದಲ್ಲಿ ಸೋತು ಬಡವಾಗಿದ್ದ ಆ ದೇಶ ತನ್ನ ಪ್ರಜೆಗಳು ವಿಹಾರಕ್ಕೆಂದು ಹೊರದೇಶಕ್ಕೆ ಹೋಗುವುದನ್ನು ತಡೆದಿತ್ತು. ಟೋಕಿಯೊ ಒಲಿಂಪಿಕ್ಸ್ ನಡೆದ 1964ರಲ್ಲಿ ಆ ಕಟ್ಟಳೆ ಸಡಿಲವಾಯಿತು. ಊರಿಂದ ಹೊರಗೆ ಹೋದವನು ಬಂಧುಗಳಿಗೂ ಕಚೇರಿಯ ಜೊತೆಗಾರರಿಗೂ ಏನಾದರೊಂದು ಕೊಡುಗೆ ತರಲೇಬೇಕೆಂಬುದು ಜಪಾನೀಯರ ಸಂಪ್ರದಾಯ. ನಮ್ಮಲ್ಲಿ ಯಾತ್ರೆಗೆ ಹೋದವರು ನೆರೆಹೊರೆಗೆಲ್ಲ ಪ್ರಸಾದ ತಂದು ಹಂಚುವಂತೆ. ವಿದೇಶದ ಮದ್ಯಕ್ಕೆ ಜಪಾನಿನಲ್ಲಿ ಭಾರಿ ತೆರಿಗೆ. ಹೊರಗಿನಿಂದ ಒಯ್ದರೆ ಅಗ್ಗ. ಜಪಾನಿನ ನಡೆನುಡಿ ಕಂಡಿದ್ದ ಫೀನಿಗೆ ಇದು ಒಡನೆ ಹೊಳೆಯಿತು. ಜಪಾನೀ ಮಾತನಾಡಬಲ್ಲ ಹುಡುಗಿಯರನ್ನು ಅಂಗಡಿಯಲ್ಲಿ ನಿಲ್ಲಿಸಿದರು. ಯಾತ್ರಿಕರು ಮುಂದೆ ಯಾವ ಊರಿಗೆ ಹೋಗಬಹುದೆಂದು ಮುಂಚಿತವಾಗಿಯೇ ಲೆಕ್ಕಹಾಕಿ ಅಲ್ಲಿ ಅಂಗಡಿ ತೆರೆದರು. ಪೆಸಿಫಿಕ್ ಸಾಗರದ ಸೈಪಾನ್ ಎಂಬ ಪುಟ್ಟ ದ್ವೀಪ ಜಪಾನಿಗೆ ಹತ್ತಿರ, ಆದರೆ ತಕ್ಕ ವಿಮಾನನಿಲ್ದಾಣವಿಲ್ಲ. ನಿಲ್ದಾಣ ಕಟ್ಟಲು ಕಂಪನಿಯೇ ಹಣ ಹಾಕಿತು. ಗಿರಾಕಿಯ ಭಾಷೆ ಕಲಿಯದವನು, ಗಿರಾಕಿಯ ಸಂಪ್ರದಾಯ ತಿಳಿಯದವನು ಸರಕು ಮಾರಬಹುದು, ವ್ಯಾಪಾರ ಬೆಳೆಸಲಾರ.

ಫೀನಿ ಬರಿಯ ವರ್ತಕನಲ್ಲ. ಬಂಡವಾಳ ಹೂಡುವುದರಲ್ಲಿಯೂ ದೂರದೃಷ್ಟಿಯುಳ್ಳವನು. ಅಂಗಡಿಗಳಿಂದ ಬಂದ ಲಾಭವನ್ನು ಬೆಳೆಯುವ ಉದ್ಯಮಗಳಲ್ಲಿ ತೊಡಗಿಸಲು 1980ರಲ್ಲಿ ಜನರಲ್ ಅಟ್ಲಾಂಟಿಕ್ ಎಂಬ ಸಂಸ್ಥೆಯನ್ನು ನಿಲ್ಲಿಸಿದ. ಕಂಪ್ಯೂಟರಿನ ತಂತ್ರಾಂಶ ತಯಾರಿಸುವ ಕಂಪನಿಗಳಲ್ಲಿ ಅದು ಮೊದಮೊದಲೇ ಹಣ ತೊಡಗಿಸಿತು. ಸಂಸ್ಥೆ ಮುಂದೆ ಸ್ವತಂತ್ರವಾಗಿ ಬೆಳೆದು, ಫೀನಿಯ ಸಂಬಂಧ ಕಳೆದು ಎಷ್ಟೋ ಕಾಲವಾದ ಮೇಲೆ, 2020ರಲ್ಲಿ ನಮ್ಮ ದೇಶದ ಜಿಯೋ ಕಂಪನಿಯಲ್ಲಿಯೂ 6,598 ಕೋಟಿ ರೂಪಾಯಿಗೆ ಮಿಕ್ಕಿ ಹಣ ಹೂಡಿತು. ಸುಂಕದ ಅಂಗಡಿಯ ಒಂದು ಬೀಜ ಎಲ್ಲೆಲ್ಲಿಗೆ ಬೇರು ಬಿಟ್ಟಿತೆಂಬುದನ್ನು ತೋರಿಸಲು ಇದನ್ನು ಹೇಳಿದೆ.

ಹೀಗೆ ಹಣ ಹೊಳೆಯಾಗಿ ಹರಿದು ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅದು ಹಾಸಿಗೆ ಚಿಕ್ಕದಿದ್ದವರಿಗೆ ಹೇಳಿದ ಮಾತು. ಹಾಸಿಗೆ ಊರಗಲವಾದಾಗ ಏನು ಮಾಡಬೇಕು? ಫೀನಿಯ ಉತ್ತರ ಸುಲಭ: ಕಾಲು ಇದ್ದಷ್ಟೇ ಇದೆಯಲ್ಲ! ಆತನಿಗೆ ಮೊದಲು ಕೆಲವು ದೊಡ್ಡ ಮನೆಗಳಿದ್ದದ್ದುಂಟು. ಸಿರಿವಂತರ ಕೂಟಗಳಿಗೂ ಹೋಗಿ ನೋಡಿದ. ರುಚಿಸಲಿಲ್ಲ. ಕ್ರಮೇಣ ಅದರಿಂದ ಹಿಂದೆ ಸರಿದ. ಕೈಗೆ ಪ್ಲಾಸ್ಟಿಕ್ ಪಟ್ಟಿಯ ಅಗ್ಗದ ಕ್ಯಾಸಿಯೊ ಗಡಿಯಾರ. ಕಾಗದಪತ್ರ ಒಯ್ಯಲು ಪ್ಲಾಸ್ಟಿಕ್ ಚೀಲ. ವಿಮಾನದಲ್ಲಿ ಬಹುಕಾಲ ಸಾಮಾನ್ಯ ದರ್ಜೆಯ ಪ್ರಯಾಣ. ಕೊನೆಗಾಲದಲ್ಲಿ ಸ್ವಂತ ಮನೆಯೂ ಇಲ್ಲ, ಸ್ವಂತ ಕಾರೂ ಇಲ್ಲ. ಐವರು ಮಕ್ಕಳು ರಜೆಯ ದಿನಗಳಲ್ಲಿ ಹೋಟೆಲು ಅಂಗಡಿಗಳಲ್ಲಿ ದುಡಿದು ಕೈಖರ್ಚಿಗೆ ಸಂಪಾದಿಸಿದರು. ಜಿಪುಣನೆನ್ನೋಣವೆ? ಜಿಪುಣನು ತನಗೂ ಖರ್ಚು ಮಾಡಿಕೊಳ್ಳನು, ಪರರಿಗೂ ಕೊಡನು. ಈತ ಮಾಡಿದ್ದೇ ಬೇರೆ.

1982ರಲ್ಲಿ ಫೀನಿ ಬರ್ಮುಡ ದ್ವೀಪದಲ್ಲಿ ಅಟ್ಲಾಂಟಿಕ್ ಎಂಬ ಹೆಸರಿನ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿದ. 1984ರ ನವೆಂಬರಿನಲ್ಲಿ ತನ್ನ 38.75 ಪಾಲನ್ನು ಇಡಿಯಾಗಿ ಅದರ ಹೆಸರಿಗೆ ಬರೆದುಕೊಟ್ಟ. ಹೆಂಡತಿ ಮಕ್ಕಳಿಗೆ ಒಂದು ಭಾಗ ಇಟ್ಟಿದ್ದ. ತನಗೆಂದು ಉಳಿಸಿಕೊಂಡದ್ದು ಅತ್ಯಲ್ಪ. ಆಗ ಆತನ ವಯಸ್ಸು 53. ನಮ್ಮಲ್ಲಿ ಆ ವಯಸ್ಸಿನವರು ಪೆನ್ಷನ್ನಿನ ಲೆಕ್ಕ ಹಾಕುತ್ತ ಮನೆ ಕಟ್ಟಿಸುವ ಚಿಂತೆಯಲ್ಲಿರುತ್ತಾರೆ. ನಾನೂ ಹಾಗೆಯೇ ಇದ್ದೇನೆ.

ವಿನೋದವೆಂದರೆ ಈ ಸಂಗತಿ ಹೊರಗೆ ಯಾರಿಗೂ ತಿಳಿಯದು. 1988ರಲ್ಲಿ ಫೋರ್ಬ್ಸ್ ಪತ್ರಿಕೆ ಅಮೆರಿಕದ ಅತಿ ದೊಡ್ಡ ಸಿರಿವಂತರ ಪಟ್ಟಿಯಲ್ಲಿ ಫೀನಿಯ ಹೆಸರು ಹಾಕಿ, ಆತನ ಆಸ್ತಿ 130 ಕೋಟಿ ಡಾಲರ್ ಎಂದು ಬರೆಯಿತು. ಆ ಹಣ ಆತನ ಕೈಬಿಟ್ಟು ಆಗಲೇ ನಾಲ್ಕು ವರ್ಷವಾಗಿತ್ತು! ಇಲ್ಲದ ಹಣವನ್ನು ಇದೆಯೆಂದು ಮೆರೆಯುವವರನ್ನು ನಾವು ದಿನವೂ ಕಾಣುತ್ತೇವೆ. ಕೊಟ್ಟುಬಿಟ್ಟ ಹಣವನ್ನು ಕೊಟ್ಟೆನೆಂದು ಹೇಳದೆ, ಲೋಕ ಸಿರಿವಂತನೆಂದು ಜರೆದರೂ ಸುಮ್ಮನಿದ್ದವನನ್ನು ಕಾಣುವುದು ಅಪರೂಪ.

ಸಂಸ್ಥೆಯಿಂದ ನೆರವು ಪಡೆದವರಿಗೆ ಒಂದು ಕಟ್ಟಳೆಯಿತ್ತು. ಹಣ ಎಲ್ಲಿಂದ ಬಂತೆಂದು ಹೇಳಬಾರದು, ಕಟ್ಟಡಕ್ಕೆ ದಾನಿಯ ಹೆಸರಿನ ಕಲ್ಲು ಹಾಕಬಾರದು. ನಮ್ಮವರು ಗುಪ್ತದಾನವೆಂದು ಕರೆಯುವುದು ಇದನ್ನೇ. ಗುಟ್ಟು ಹದಿಮೂರು ವರ್ಷ ಉಳಿಯಿತು. 1997ರ ಆರಂಭದಲ್ಲಿ ಫೀನಿಯ ಪಾಲನ್ನು ಫ್ರಾನ್ಸಿನ ಎಲ್‌ವಿಎಂಎಚ್ ಎಂಬ ಕಂಪನಿಗೆ ಸುಮಾರು 163 ಕೋಟಿ ಡಾಲರಿಗೆ ಮಾರಿದಾಗ, ಪಾಲುದಾರರಲ್ಲಿ ವ್ಯಾಜ್ಯ ಹುಟ್ಟಿ, ನಿಜವಾದ ಒಡೆತನ ಯಾರದೆಂಬುದು ಬಯಲಾಗುವ ಪ್ರಸಂಗ ಬಂತು. ಆಗ ಆತ ತಾನಾಗಿಯೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ವಿಷಯ ತಿಳಿಸಿದ.

ಕೊಡುವುದರಲ್ಲಿಯೂ ಆತ ವರ್ತಕನಾಗಿಯೇ ಇದ್ದ. ತನ್ನ ಕಣ್ಣಿಗೆ ಕಂಡದ್ದು, ತಾನು ಹೋಗಿ ನೋಡಿದ್ದು, ನಡೆಸುವವರು ಯೋಗ್ಯರೆಂದು ಮನಗಂಡದ್ದು, ಅಂಥದಕ್ಕೇ ಹಣ. ಐರ್ಲೆಂಡಿನಲ್ಲಿ ವಿಶ್ವವಿದ್ಯಾನಿಲಯಗಳ ಸಂಶೋಧನೆಗೆ ನೆರವು ನೀಡುವಾಗ "ನಾವು ಇಷ್ಟು ಕೊಡುತ್ತೇವೆ, ಸರ್ಕಾರವೂ ಕೊಡಬೇಕು" ಎಂದು ಸಂಸ್ಥೆ ಮಾತು ಹಾಕಿತು. 1998ರಲ್ಲಿ ಆರಂಭವಾದ ಆ ಯೋಜನೆಯಿಂದ ಸರ್ಕಾರದ ಬೊಕ್ಕಸವೂ ತೆರೆಯಿತು. ಅಮೆರಿಕದ ಬಾಂಬುಗಳಿಂದ ನೊಂದ ವಿಯೆಟ್ನಾಮಿನಲ್ಲಿ ಆಸ್ಪತ್ರೆಗಳು, ಹಳ್ಳಿಗಳ ಆರೋಗ್ಯಕೇಂದ್ರಗಳು, ವಿಶ್ವವಿದ್ಯಾನಿಲಯಗಳ ಪುಸ್ತಕಾಲಯಗಳು ಎದ್ದವು. ಓದಿಸಿದ ಕಾರ್ನೆಲ್ಲಿಗೆ ಒಟ್ಟು ಸುಮಾರು 100 ಕೋಟಿ ಡಾಲರ್ ಸಂದಿತು. ನ್ಯೂಯಾರ್ಕಿನ ರೂಸ್‌ವೆಲ್ಟ್ ದ್ವೀಪದಲ್ಲಿ ಅದರ ತಂತ್ರವಿದ್ಯಾ ಕೇಂದ್ರಕ್ಕೆ 2011ರಲ್ಲಿ 35 ಕೋಟಿ. ಮುಪ್ಪಿನಲ್ಲಿ ಬರುವ ಮರೆವಿನ ರೋಗದ ಅಧ್ಯಯನಕ್ಕೆ ಸಾನ್‌ಫ್ರಾನ್ಸಿಸ್ಕೊ ಮತ್ತು ಡಬ್ಲಿನ್ ನಗರಗಳ ವಿದ್ಯಾಸಂಸ್ಥೆಗಳಿಗೆ 2015ರಲ್ಲಿ 17.7 ಕೋಟಿ. ರಾತ್ರಿ ಹಸಿದ ಹುಡುಗರ ಬಾಗಿಲಿಗೆ ಸ್ಯಾಂಡ್‌ವಿಚ್ ಹೊತ್ತ ಬುದ್ಧಿಯೇ ಇದು. ಈಗ ಬೆಲೆ ಕೇಳಲಿಲ್ಲ, ಅಷ್ಟೆ.

ಇದಕ್ಕಿಂತ ದೊಡ್ಡ ವಿಷಯ ಆತ ಹಾಕಿಕೊಂಡ ಗಡುವು. ಉಕ್ಕಿನ ದೊರೆಯೆನಿಸಿದ ಆಂಡ್ರೂ ಕಾರ್ನೆಗಿ 1889ರಲ್ಲಿ ಸಂಪತ್ತನ್ನು ಕುರಿತು ಒಂದು ಲೇಖನ ಬರೆದಿದ್ದ. ಸಿರಿವಂತನು ಬದುಕಿರುವಾಗಲೇ ತನ್ನ ಹಣವನ್ನು ಲೋಕಹಿತಕ್ಕೆ ವಿನಿಯೋಗಿಸಬೇಕೆಂಬುದು ಅದರ ಸಾರ. ಫೀನಿ ಅದನ್ನು ಓದಿ ಮೆಚ್ಚಿಕೊಂಡ. ಸಾಮಾನ್ಯವಾಗಿ ಧರ್ಮಸಂಸ್ಥೆಗಳು ಮೂಲಧನವನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಖರ್ಚುಮಾಡುತ್ತ ಆಚಂದ್ರಾರ್ಕ ಬಾಳಲು ಬಯಸುತ್ತವೆ. ಅಟ್ಲಾಂಟಿಕ್ ಸಂಸ್ಥೆ 2002ರಲ್ಲಿ ಅದಕ್ಕೆ ವಿರುದ್ಧವಾದ ನಿರ್ಧಾರ ಮಾಡಿತು: ಎಲ್ಲವನ್ನೂ ಕೊಟ್ಟು ಮುಗಿಸಿ ಬಾಗಿಲು ಹಾಕುವುದು. ಈಗಿನ ರೋಗಿಗೆ ಈಗ ಔಷಧಿ ಬೇಕು. ನೂರು ವರ್ಷದ ಮೇಲಿನ ಕಷ್ಟಕ್ಕೆ ಆಗಿನ ಸಿರಿವಂತರು ಇರುತ್ತಾರೆ. ಕೊನೆಯ ದಾನ, 70 ಲಕ್ಷ ಡಾಲರ್, 2016ರ ಡಿಸೆಂಬರಿನಲ್ಲಿ ಕಾರ್ನೆಲ್ ವಿದ್ಯಾರ್ಥಿಗಳ ಸಮಾಜಸೇವೆಗೆ ಹೋಯಿತು. 2020ರ ಸೆಪ್ಟೆಂಬರಿನಲ್ಲಿ 89ರ ಮುದುಕ ಫೀನಿ ಸಂಸ್ಥೆಯನ್ನು ಮುಚ್ಚುವ ಪತ್ರಕ್ಕೆ ಸಹಿಹಾಕಿದ. ಒಟ್ಟು ಕೊಟ್ಟದ್ದು 800 ಕೋಟಿ ಡಾಲರ್. ತನಗೂ ತನ್ನ ಪತ್ನಿಗೂ ಮುಪ್ಪಿನ ಕಾಲಕ್ಕೆಂದು ಇಟ್ಟುಕೊಂಡದ್ದು ಸುಮಾರು 20 ಲಕ್ಷ.

ನ್ಯಾಯವಾಗಿ ನೋಡಿದರೆ ಆಕ್ಷೇಪಣೆಗೂ ಎಡೆಯುಂಟು. ಮದ್ಯವೂ ಅತ್ತರೂ ಮಾರಿ ಗಳಿಸಿದ ಹಣವಲ್ಲವೆ ಎನ್ನಬಹುದು. ಬರ್ಮುಡವನ್ನು ಆರಿಸಿದ್ದರಲ್ಲಿ ಗುಟ್ಟಿನಷ್ಟೇ ತೆರಿಗೆಯ ಲೆಕ್ಕಾಚಾರವೂ ಇತ್ತೆನ್ನಬಹುದು. ಸರ್ಕಾರಕ್ಕೆ ತೆರಿಗೆ ಸಲ್ಲಿಸಿದ್ದರೆ ಆ ಹಣ ಪ್ರಜೆಗಳ ಒಪ್ಪಿಗೆಯಿಂದ ಖರ್ಚಾಗುತ್ತಿತ್ತು. ಯಾವ ಊರಿಗೆ ಆಸ್ಪತ್ರೆ ಬೇಕೆಂಬುದನ್ನು ಒಬ್ಬ ವರ್ತಕ ಗುಟ್ಟಾಗಿ ನಿರ್ಣಯಿಸುವುದು ಸರಿಯೆ ಎಂದೂ ಕೇಳಬಹುದು. ಈ ಪ್ರಶ್ನೆಗಳು ಹಗುರವಾದುವಲ್ಲ. ಅವನ್ನು ಫೀನಿಯ ಬಾಳು ಅಳಿಸಿಹಾಕುವುದಿಲ್ಲ. ಆದರೆ ಗಳಿಸಿದವನು ಆಮೇಲೆ ಏನು ಮಾಡಬೇಕೆಂಬ ನನ್ನ ಹುಡುಗರ ಮೌನಕ್ಕೆ ಅದರಲ್ಲಿ ಉತ್ತರವಿದೆ. ಸಾಕು ಎಂಬುದನ್ನು ಮೊದಲು ತಿಳಿ. ಉಳಿದದ್ದನ್ನು ನಿನ್ನ ಕಣ್ಣೆದುರಿಗೇ ಕೆಲಸಕ್ಕೆ ಹಚ್ಚು. ಹೆಸರನ್ನು ಲಾಭವಾಗಿ ವಾಪಸು ಕೇಳಬೇಡ.

ಈ ಮೂರನೆಯದೇ ಕಷ್ಟದ್ದು. ನಾನು ಹಿಂದೆ ಕೆಲಸಮಾಡಿದ ಒಂದು ಶಾಲೆಗೆ ದಾನಿಯೊಬ್ಬರು ಕಪ್ಪುಹಲಗೆ ಮಾಡಿಸಿಕೊಟ್ಟರು. ಹಲಗೆಯ ಮೇಲ್ಭಾಗದಲ್ಲಿ ಗೇಣಗಲಕ್ಕೆ ಬಿಳಿಯ ಬಣ್ಣದಲ್ಲಿ ಅವರ ಹೆಸರು, ತಂದೆಯ ಹೆಸರು, ಊರು. ಎತ್ತರದ ಸಾಲು ಬರೆಯಲು ಜಾಗವಿಲ್ಲದೆ ಕೊನೆಯ ಸಾಲುಗಳನ್ನು ಬಗ್ಗಿ ಬರೆಯುತ್ತಿದ್ದೆ; ಹಿಂದಿನ ಬೆಂಚಿನ ಹುಡುಗರಿಗೆ ಅದು ಕಾಣದು. ಅವರನ್ನು ನೋಡಿ ಮನಸ್ಸಿನಲ್ಲಿ ನಗುತ್ತಿದ್ದವನು ನಾನೇನು ಮೇಲೆ? ನನ್ನ ಹಳೆಯ ಪುಸ್ತಕಗಳನ್ನು ಶಾಲೆಯ ಭಂಡಾರಕ್ಕೆ ಕೊಟ್ಟಾಗ ಪ್ರತಿಯೊಂದರ ಮೊದಲ ಪುಟದಲ್ಲಿಯೂ ನನ್ನ ಹೆಸರು ಬರೆದು ಕೊಟ್ಟೆ. ಒಮ್ಮೆ ಭಂಡಾರಕ್ಕೆ ಹೋದಾಗ ಪುಟ ತೆರೆದು ಹೆಸರು ಇದೆಯೆ ಎಂದು ನೋಡಿದೆ. ಯಾರಾದರೂ ಓದಲು ಒಯ್ದಿದ್ದಾರೆಯೆ ಎಂದು ನೋಡಲಿಲ್ಲ. ಮನೆಗೆ ಬಂದ ಮೇಲೆ ಅದು ಹೊಳೆದು ನಾಚಿಕೆಯಾಯಿತು.

ಫೀನಿಯ ಚರಿತ್ರೆ ಓದಿದ ಮೇಲೆ, ಬಹುಕಾಲ ನನ್ನ ಮೇಜಿನ ಮೇಲಿದ್ದ ಕನ್ನಡ ನಿಘಂಟೊಂದನ್ನು ಹೆಸರು ಬರೆಯದೆ ಭಂಡಾರಕ್ಕೆ ಸೇರಿಸಿದೆ. ಕೆಲವು ತಿಂಗಳ ಮೇಲೆ ಒಬ್ಬ ಹುಡುಗ ಅದನ್ನು ಎದೆಗವುಚಿಕೊಂಡು ಬಂದು, "ಇದರಲ್ಲಿ ಎಷ್ಟೊಂದು ಪದ ಇದೆ ಸಾರ್! ಯಾರೋ ಪುಣ್ಯಾತ್ಮರು ಕೊಟ್ಟಿದ್ದಾರಂತೆ" ಎಂದ. ನಾಲಗೆಯ ತುದಿಗೆ ಬಂದ ಮಾತನ್ನು ನುಂಗಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಹುಡುಗ ಪುಸ್ತಕ ತೆಗೆದುಕೊಂಡು ಓಡಿಹೋದ. ಬಹಳ ದಿನಗಳ ಮೇಲೆ ನನಗೆ ಅಂದು ಮನಸ್ಸು ಹಗುರವಾಗಿತ್ತು.

ಆದರೆ ನೋಡಿ, ಇಂದು ನಿಮ್ಮೆಲ್ಲರ ಮುಂದೆ ಆ ಗುಟ್ಟನ್ನು ನಾನೇ ಹೇಳಿಬಿಟ್ಟೆ! ಒಂದು ಹಳೆಯ ನಿಘಂಟನ್ನು ಕೊಟ್ಟು ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗಲಿಲ್ಲ. ಅಷ್ಟು ದೊಡ್ಡ ಗಂಟನ್ನು ಕೊಟ್ಟು ಹದಿಮೂರು ವರ್ಷ ಸುಮ್ಮನಿದ್ದವನ ದೊಡ್ಡತನ ಎಷ್ಟೆಂಬುದನ್ನು ನನ್ನ ಈ ಸೋಲಿನಿಂದಲೇ ನೀವು ಅಳೆದುಕೊಳ್ಳಬಹುದು. ನಿಮ್ಮ ಮನೆಯ ಕಪಾಟಿನಲ್ಲಿಯೂ ಯಾರಿಗೋ ಬೇಕಾದದ್ದೊಂದು ಸುಮ್ಮನೆ ಕುಳಿತಿರಬಹುದು. ಅದನ್ನು ಒಯ್ದು ಕೊಡಿ. ಕೊಟ್ಟದ್ದನ್ನು ನನ್ನಂತೆ ಹೇಳಬೇಡಿ.